ಖಾಲಿ ಎಂದು ಬರೆದುಕೊಡದ ಮನೆ

ಸೆರಗಿನ ಎಡಭಾಗಕ್ಕೆ ಪಿನ್ನಿನಿಂದ ಸಿಕ್ಕಿಸಿದ, ತಲೆಕೆಳಗಾಗಿ ತೂಗುವ ಒಂದು ಸಣ್ಣ ವಾಚು. ನರ್ಸ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಪಕ್ಕದ ಮನೆಯ ಬಾಯಮ್ಮ ಅದನ್ನು ತೆಗೆದಿರಲಿಲ್ಲ. ನಮ್ಮ ತುಳುವಿನಲ್ಲಿ ಕ್ರಿಶ್ಚನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಅತ್ತಾವರದ ನಮ್ಮ ಓಣಿಯಲ್ಲಿ ಬಾಯಮ್ಮ ಎಂದರೆ ಇವರೊಬ್ಬರೇ ಎಂಬಂತಾಗಿತ್ತು. ಮೀನು ಕೊಳ್ಳುವಾಗಲೂ ಒಮ್ಮೆ ಗಲ್ಲ ಬಗ್ಗಿಸಿ ವಾಚು ನೋಡಿಯೇ ಅವರು ಬುಟ್ಟಿಗೆ ಕೈ ಹಾಕುತ್ತಿದ್ದರು.

“ಎಂತ ಬಾಯಮ್ಮ, ಬಂಗುಡೆಯ ನಾಡಿ ನೋಡ್ತೀರಾ?” ಎಂದು ಮೀನಿನವಳು ಕೇಳಿದರೆ, “ನೋಡ್ಲಿಕ್ಕೆ ಎಂತ ಉಂಟು? ಇದು ಮೊನ್ನೆಯೇ ಹೋಗಿದೆ” ಎನ್ನುತ್ತಿದ್ದರು. ಆದರೂ ಅವಳಲ್ಲೇ ಕೊಳ್ಳುವುದು, ದಿನವೂ.

ಮಕ್ಕಳಿರಲಿಲ್ಲ. ಅವರ ಗಂಡ, ಕ್ರಿಶ್ಚನ್ ಗಂಡಸರಿಗೆ ಹೇಳುವ ಹಾಗೆ ನಾವೆಲ್ಲ ಪೊರ್ಬುಗಳು ಎಂದು ಕರೆಯುತ್ತಿದ್ದವರು, ಗಲ್ಫಿನ ಬಂದರೊಂದರಲ್ಲಿ ಕ್ರೇನ್ ನಡೆಸಿ, ಉಳಿಸಿದ್ದನ್ನೆಲ್ಲ ತಂದು ನಮ್ಮ ಮನೆಯ ಪಕ್ಕದಲ್ಲಿ ಆ ಹಳದಿ ಮನೆ ಕಟ್ಟಿದ್ದು. ಮಾತು ಕಡಿಮೆ. ಸಂಜೆ ಜಗಲಿಯಲ್ಲಿ ಕೂತು ರೇಡಿಯೋ ಬಿಚ್ಚುವುದು, ಮತ್ತೆ ಜೋಡಿಸುವುದು. ಕೊನೆಗೆ ಶ್ವಾಸಕೋಶದ ಕಾಯಿಲೆ ಬಂದು ಮಲಗಿದಲ್ಲೇ ಆದರು. ಬಾಯಮ್ಮ ಬೇರೆ ನರ್ಸನ್ನು ಇಡಲಿಲ್ಲ. “ಊರಿನವರನ್ನೆಲ್ಲ ನೋಡಿಕೊಂಡವಳಿಗೆ ಇವರೊಬ್ಬರು ಭಾರವಾ?” ಎಂದರು.

ಪೊರ್ಬುಗಳು ಹೋದ ಮೇಲೆ ಒಂದು ತಿಂಗಳ ಪೂಜೆ ಮುಗಿಸಿ, ಇಗರ್ಜಿಯಿಂದ ನೇರ ನಮ್ಮಲ್ಲಿಗೆ ಬಂದರು. ಕೈಯಲ್ಲಿ ಒಂದು ಚೀಲ. “ನಿಮ್ಮ ಮೇಲಿನ ರೂಮಿನಲ್ಲಿ ಯಾರೂ ಇಲ್ಲ ಅಲ್ವಾ? ನನಗೆ ಆ ಮನೆಯಲ್ಲಿ ಆಗುವುದಿಲ್ಲ.” ಹೆಚ್ಚು ಕೇಳಬಾರದು ಎಂದು ನನಗೆ ಗೊತ್ತಾಯಿತು. ಅಕ್ಕಿ ತೊಳೆಯುತ್ತಿದ್ದೆ, ಇನ್ನೊಂದು ಹಿಡಿ ಹಾಕಿದೆ.

ನಮ್ಮ ಯಜಮಾನರು ಇನ್ಶೂರೆನ್ಸ್ ಏಜೆಂಟು. ಆ ಹಳದಿ ಮನೆಯ ಪಾಲಿಸಿ ಮಾಡಿಸಿದ್ದೂ ಅವರೇ. ಬೀಗ ಬಿದ್ದ ಮನೆಗೆ ಬೇರೆ ನಿಯಮ. ಒಂದು ತಿಂಗಳಿಗಿಂತ ಹೆಚ್ಚು ಯಾರೂ ವಾಸ ಇಲ್ಲದಿದ್ದರೆ ಕಂಪೆನಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಇಲ್ಲದಿದ್ದರೆ ಕಳ್ಳತನಕ್ಕೆ ರಕ್ಷಣೆ ಸಿಗುವುದಿಲ್ಲ. ಗಲ್ಫಿನಲ್ಲಿರುವವರ ಮನೆಗಳಿಗೆಲ್ಲ ಅವರು ಇದನ್ನು ಮಾಡಿಸುತ್ತಲೇ ಇದ್ದರು, ಐದು ನಿಮಿಷದ ಕೆಲಸ. ಹಾಗೆ ಒಂದು ಬೆಳಿಗ್ಗೆ ನೀರುದೋಸೆ ತಿನ್ನುತ್ತಿದ್ದ ಬಾಯಮ್ಮನ ಮುಂದೆ ಕಾಗದ ಇಟ್ಟರು.

“ಇದೆಂತ?”

“ಮನೆ ಖಾಲಿ ಉಂಟು ಅಂತ ಕಂಪೆನಿಗೆ ಬರೆದುಕೊಡುವುದು ಬಾಯಮ್ಮ. ಒಂದು ಸಹಿ ಸಾಕು.”

ಅವರು ಕೈ ಒರೆಸಿಕೊಂಡರು. ಕಾಗದ ಮುಟ್ಟಲಿಲ್ಲ. “ಖಾಲಿ ಅಂತ ನಿಮಗೆ ಯಾರು ಹೇಳಿದ್ದು?”

“ನೀವು ಇಲ್ಲಿ ಇದ್ದೀರಲ್ಲ?”

“ನಾನು ಇಲ್ಲಿದ್ದೇನೆ. ಅವರ ಹಾಸಿಗೆ ಅಲ್ಲಿಯೇ ಉಂಟು.”

ನಮ್ಮವರು ನನ್ನ ಮುಖ ನೋಡಿದರು. ನಾನು ಕಾವಲಿಗೆ ಎಣ್ಣೆ ಸವರಿದೆ.

ಮುಂದಿನ ದೋಸೆ ತಟ್ಟೆಗೆ ಬಿದ್ದ ಮೇಲೆ ಬಾಯಮ್ಮನೇ ಕೇಳಿದರು, “ತಿಂಗಳೊಳಗೆ ಒಂದು ರಾತ್ರಿ ನಾನು ಅಲ್ಲಿ ಮಲಗಿದರೆ?” ಹಾಗೆ ಮಾಡಿದರೆ ಪೂರ್ತಿ ಖಾಲಿ ಎಂದು ಹೇಳಲಿಕ್ಕೆ ಬರುವುದಿಲ್ಲ, ಆದರೂ ಕಂಪೆನಿ ತಕರಾರು ಮಾಡಬಹುದು ಎಂದರು ನಮ್ಮವರು. ಅಷ್ಟು ಸಾಕಾಯಿತು ಅವರಿಗೆ.

ಅಂದಿನಿಂದ ತಿಂಗಳಿಗೊಮ್ಮೆ ಅವರ ನೈಟ್ ಡ್ಯೂಟಿ. ಹಾಗೆಂದೇ ಹೇಳುತ್ತಿದ್ದರು. ಸಂಜೆ ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಸೀರೆ ಉಟ್ಟು, ಫ್ಲಾಸ್ಕಿನಲ್ಲಿ ಚಹಾ, ಟಾರ್ಚು, ಜಪಸರ ಹಿಡಿದು ಪಕ್ಕದ ಗೇಟಿಗೆ ಹೋಗುವುದು. ಬೆಳಿಗ್ಗೆ ಬಂದು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ವಾರ್ಡು ಒಪ್ಪಿಸಿದ ಹಾಗೆ ವರದಿ: “ಕಿಟಕಿಗಳೆಲ್ಲ ನಾರ್ಮಲ್. ಬಚ್ಚಲ ನಲ್ಲಿ ಸ್ವಲ್ಪ ಡ್ರಿಪ್ ಉಂಟು. ಹಿಂದಿನ ಗೋಡೆಗೆ ಜ್ವರ ಬಂದ ಹಾಗೆ ಬಣ್ಣ ಏಳ್ತಾ ಉಂಟು, ಅಬ್ಸರ್ವೇಶನ್‌ನಲ್ಲಿ ಇಡುವ.” ನಾನು ನಗುತ್ತಿದ್ದೆ, ಅವರೂ. ಆದರೆ ಕಣ್ಣು ಕೆಂಪಗೆ ಇರುತ್ತಿತ್ತು.

“ಮಲಗಿದ್ದೀರೋ ಇಲ್ಲವೋ?” ಎಂದು ಒಮ್ಮೆ ಕೇಳಿದೆ.

“ಡ್ಯೂಟಿಯಲ್ಲಿ ಮಲಗ್ತಾರಾ?”

“ಅಯ್ಯೋ, ಕಂಪೆನಿಗೆ ಮಲಗಿದರೆ ಮಾತ್ರ ಲೆಕ್ಕ” ಎಂದು ಒಳಗಿನಿಂದ ನಮ್ಮವರು ತಮಾಷೆ ಮಾಡಿದರು. ಬಾಯಮ್ಮ ನಗಲಿಲ್ಲ. ನಮ್ಮವರು ಆಫೀಸಿಗೆ ಹೋದ ಮೇಲೆ, ನಾನು ಬಸಳೆ ಬಿಡಿಸುತ್ತಿರುವಾಗ, ಬಾಯಮ್ಮ ಪಕ್ಕದಲ್ಲಿ ಕೂತು ತಾವೂ ನಾಲ್ಕು ಎಲೆ ಬಿಡಿಸುತ್ತ ಹೇಳಿದರು. ಪೊರ್ಬುಗಳು ಹೋದ ರಾತ್ರಿ ಇವರು ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದರಂತೆ. “ವಾರ್ಡಿನಲ್ಲಿ ಒಂದು ದಿನ ಕಣ್ಣು ಮುಚ್ಚಿದವಳಲ್ಲ ನಾನು. ಮನೆಯಲ್ಲಿ ಮುಚ್ಚಿದೆ. ಏಳುವಾಗ ಅವರ ಕೈ ತಣ್ಣಗಾಗಿತ್ತು. ಕರೆದಿದ್ದರೋ ಏನೋ, ಗೊತ್ತಿಲ್ಲ.” ಆಮೇಲೆ ದಂಟನ್ನು ಬೇರೆ, ಎಲೆಯನ್ನು ಬೇರೆ ಮಾಡಿಟ್ಟು ಎದ್ದುಹೋದರು.

ಒಂದು ಸಲ ಕಳ್ಳರು ಬಂದರು. ಹಿಂದಿನ ಬಾಗಿಲು ಮೀಟಿ ಬಚ್ಚಲಿನ ತಾಮ್ರದ ಹಂಡೆ, ದೇವರ ಪೀಠದ ಬೆಳ್ಳಿಯ ಮೇಣದಬತ್ತಿ ಕಂಬಗಳು, ಪೊರ್ಬುಗಳ ರೇಡಿಯೋಗಳು ಎಲ್ಲ ಹೊತ್ತುಕೊಂಡು ಹೋದರು. ನಮ್ಮವರು ಕ್ಲೇಮು ಹಾಕಿಸಿದರು. ಕೊಡಿಯಾಲ್‌ಬೈಲಿನ ಕಂಪೆನಿ ಆಫೀಸಿನಿಂದ ನಷ್ಟದ ಲೆಕ್ಕ ಹಾಕಲು ಸರ್ವೇಯರು ಬಂದ. ಎಳೆಯ ಪ್ರಾಯ, ಒಳ್ಳೆಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದ.

“ಇಲ್ಲಿ ಯಾರು ವಾಸ ಅಮ್ಮ?”

“ನಾವಿಬ್ಬರು,” ಎಂದರು ಬಾಯಮ್ಮ.

ಅವನು ಕೋಣೆಗೆ ಹೋದ. ಹೊಸದಾಗಿ ಹಾಸಿದ ಹಾಸಿಗೆ, ತೊಳೆದಿಟ್ಟ ಗಂಡಸಿನ ಚಪ್ಪಲಿ, ಮೇಜಿನ ಮೇಲೆ ಮುಚ್ಚಿಟ್ಟ ನೀರಿನ ಗ್ಲಾಸು. ಗೋಡೆಯಲ್ಲಿ ಹೂವಿನ ಹಾರ ಹಾಕಿದ ಫೋಟೋ. ನೋಡಿದ, ಹೊರಗೆ ಬಂದ. ದನಿ ತಗ್ಗಿಸಿ ಕೇಳಿದ, “ನೀವು ದಿನಾ ಇಲ್ಲೇ ಮಲಗ್ತೀರಾ?”

ಸುಳ್ಳು ಹೇಳುವ ಅಭ್ಯಾಸ ಬಾಯಮ್ಮನಿಗೆ ಇರಲಿಲ್ಲ. “ತಿಂಗಳಿಗೊಮ್ಮೆ.”

“ಹಾಗಾದ್ರೆ ವಾಸ ಇಲ್ಲ ಅಂತ ಬರೆಯಬೇಕಾಗ್ತದೆ. ನೀವು ಹೆದರಬೇಡಿ, ತಿಂಗಳಿಗೊಮ್ಮೆಯಾದ್ರೂ ಮಲಗ್ತೀರಲ್ಲ, ಅದನ್ನು ಹೇಳಿ ನನ್ನಿಂದಾದಷ್ಟು ಕೊಡಿಸ್ತೇನೆ. ಹಾಗೆ ಬರೆದರೆ ಮುಂದಕ್ಕೂ ಪಾಲಿಸಿ ಸರಿಯಾಗ್ತದೆ.”

“ಬರೆಯಬೇಡಿ ಮಗ. ಹಂಡೆ ಹೋದರೆ ಹೋಗಲಿ. ನನಗೆ ಕ್ಲೇಮು ಬೇಡ.”

ನಮ್ಮವರು ಎಷ್ಟು ಹೇಳಿದರೂ ಕೇಳಲಿಲ್ಲ. ಕ್ಲೇಮು ವಾಪಸು ಪಡೆದೇಬಿಟ್ಟರು. ರಾತ್ರಿ ಊಟಕ್ಕೆ ಕೂತಾಗ ನಮ್ಮವರು, “ಎಂತ ಮಾರಾಯ್ತಿ ಇದು! ಪ್ರೀಮಿಯಂ ತಪ್ಪದೆ ಕಟ್ತಾರೆ, ಕೊಡ್ತೇವೆ ಅಂದ್ರೆ ಬೇಡ ಅಂತಾರೆ. ಯಾವುದಕ್ಕೆ ಇವರ ಇನ್ಶೂರೆನ್ಸು?” ಎಂದು ಗೊಣಗಿದರು. ಮರುದಿನ ಆ ಹಿಂದಿನ ಬಾಗಿಲಿಗೆ ಆಚಾರಿಯನ್ನು ಕರೆಸಿ ಕಬ್ಬಿಣದ ಪಟ್ಟಿ ಹೊಡೆಸಿದ್ದು ಅವರೇ.

ಕಳೆದ ವರ್ಷ ಬಾಯಮ್ಮನ ಹೃದಯ ಸೋತಿತು. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಕೂತುಬಿಟ್ಟರು. ಅವರು ಕೆಲಸ ಮಾಡಿದ ಆಸ್ಪತ್ರೆಗೇ ಸೇರಿಸಿದೆವು. ಹಳೆಯ ಆಯಾಗಳು ಬಂದು ಕಾಲು ಒತ್ತಿದರು. ನಾನು ದಿನಾ ಮಧ್ಯಾಹ್ನ ಗಂಜಿ ಕೊಂಡುಹೋಗುತ್ತಿದ್ದೆ, ಜೊತೆಗೆ ಅವರ ಇಷ್ಟದ ನಿಂಬೆ ಉಪ್ಪಿನಕಾಯಿ, ಡಾಕ್ಟರಿಗೆ ಕಾಣದ ಹಾಗೆ ಸಣ್ಣ ಚೂರು. ತಿಂಗಳು ಮುಗಿಯುತ್ತ ಬಂದಿತ್ತು. ಅವರ ತಲೆಯಲ್ಲಿ ಅದೇ ಓಡುತ್ತಿದೆ ಎಂದು ನನಗೆ ಗೊತ್ತಿತ್ತು. “ಈ ಸಲ ನಾನು ಹೋಗಿ ಕೂತುಕೊಳ್ತೇನೆ ಬಾಯಮ್ಮ” ಎಂದೆ.

“ಬೇಡ. ಅದು ನಿಮ್ಮ ಡ್ಯೂಟಿ ಅಲ್ಲ.”

ಮೂರನೆಯ ದಿನ ಗಂಜಿಯ ಬಟ್ಟಲು ಸರಿಸಿ, ನನ್ನ ಮಣಿಕಟ್ಟು ಹಿಡಿದರು. “ನೀವು ಈಗ ಮನೆಗೆ ಹೋಗುವಾಗ ಅಲ್ಲಿ ಹೋಗಿ ಹಾಸಿಗೆ ತೆಗೆದುಬಿಡಿ. ಶೀಟು ಕೊಡವಬೇಡಿ, ಸುತ್ತಿ ತೆಗೀಬೇಕು. ದಿಂಬು ಬಿಸಿಲಿಗೆ. ಗ್ಲಾಸಿನ ನೀರು ಗಿಡಕ್ಕೆ. ಆಮೇಲೆ ನಿಮ್ಮವರಿಗೆ ಹೇಳಿ, ಆ ಕಾಗದ ತರಲಿ.”

ಹೋದೆ. ಶೀಟಿನ ಮೂಲೆಗಳನ್ನು ಆಸ್ಪತ್ರೆಯ ಹಾಗೆ ಎಷ್ಟು ಬಿಗಿಯಾಗಿ ಮಡಚಿ ಸಿಕ್ಕಿಸಿದ್ದರೆಂದರೆ, ಎಳೆಯಲು ನಾನು ಮಂಡಿಯೂರಬೇಕಾಯಿತು. ಹಾಸಿಗೆ ತೆಗೆದ ಮೇಲೆ ಮಂಚದ ಹಲಗೆ ಮಾತ್ರ ಉಳಿಯಿತು. ನಾನು ಆ ಕೋಣೆಯಲ್ಲಿ ಅಳಬಾರದೆಂದು ಗ್ಲಾಸು ತೆಗೆದುಕೊಂಡು ಹೊರಗೆ ಬಂದು, ಕಳ್ಳರು ತುಳಿದು ಹೋಗಿದ್ದ ಕ್ರೋಟನ್ ಗಿಡದ ಬುಡಕ್ಕೆ ನೀರು ಹೊಯ್ದು, ಅಲ್ಲಿ ಅತ್ತೆ.

ಸಂಜೆ ನಮ್ಮವರು ಕಾಗದ ಹಿಡಿದು ನನ್ನ ಜೊತೆ ಆಸ್ಪತ್ರೆಗೆ ಬಂದರು. ಬಾಯಮ್ಮ ಕನ್ನಡಕ ಹಾಕಿ ಪೂರ್ತಿ ಓದಿದರು. ತಾರೀಕು ಬರೆಯುವ ಜಾಗದಲ್ಲಿ ಬೆರಳು ನಿಂತಿತು.

“ಖಾಲಿ ಅಂತ ಇವತ್ತಿನಿಂದ ಅಲ್ವಾ? ಹಿಂದಿನಿಂದ ಅಲ್ಲವಲ್ಲ?”

“ಇವತ್ತಿನಿಂದ ಬಾಯಮ್ಮ,” ಎಂದರು ನಮ್ಮವರು. “ಹಿಂದೆಲ್ಲ ನೀವಿಬ್ಬರೂ ಇದ್ದಿರಿ.”

ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಟ್ಟರು. “ಇನ್ನು ನಾನು ಸ್ವಲ್ಪ ಮಲಗ್ತೇನೆ” ಎಂದು ಗೋಡೆಯ ಕಡೆ ತಿರುಗಿದರು. ಮರುದಿನ ನಾನು ಗಂಜಿ ಕೊಂಡುಹೋಗುವಷ್ಟರಲ್ಲಿ ಅವರು ಹೋಗಿಯಾಗಿತ್ತು. ನಿದ್ದೆಯಲ್ಲೇ ಅಂತೆ.