ಪೆಟ್ಲು ಹೊಡೆದ ಟ್ಯಾಂಕು

ಇವತ್ತು ಕೊಪ್ಪದ ಗ್ಯಾರೇಜಿನಲ್ಲಿ ಜೀಪಿಗೆ ಬಳಿಯುತ್ತಿದ್ದ ಹಸಿರು ಪೇಂಟಿನ ವಾಸನೆ ಬಡಿದು, ಚಿಕ್ಕಂದಿನಲ್ಲಿ ನಾನು ಮಾಡಿದ ಯುದ್ಧದ ಟ್ಯಾಂಕು ನೆನಪಾಯಿತು.

ಪೇಪರಿನ ಚಿತ್ರ ಅಳೆದು ಅಡಿಕೆ ಹಾಳೆ ಕತ್ತರಿಸಿ, ಸೈಕಲ್ ಚೈನು ಸುತ್ತಿ, ರಿವೆಟಿನ ಜಾಗಕ್ಕೆ ಸಾಸಿವೆ ಅಂಟಿಸಿ, ಇದೇ ಹಸಿರು ಬಳಿದಿದ್ದೆ. ತೋಪಿನ ನಳಿಗೆಗೆ ಅಪ್ಪ ಸಣ್ಣ ಕಾಯಿ ಹಾರಿಸುವ ಬಿದಿರಿನ ಪೆಟ್ಲನ್ನೇ ಕೂರಿಸಿದ.

"ನಿಜಕ್ಕೂ ಹೊಡೀತದಾ?" ಅಂತ ಕೇಳಿದೆ.

"ಹೊಡೀದಿದ್ರೆ ಅದೆಂತ ಟ್ಯಾಂಕ್ ಮಾರಾಯ, ಡಬ್ಬಿ!"

ಶಾಲೆಯ ಪ್ರದರ್ಶನದಲ್ಲಿ ಮೇಷ್ಟ್ರು, "ಮಗ್ಗಿ ಬರಲ್ಲ, ಆಟಿಕೆ ಬೇರೆ" ಎಂದು ಅದನ್ನು ಮೇಜಿನಿಂದ ಇಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಜೊತೆಗೆ ಬಂದಿದ್ದ ಅಪ್ಪ ಅದನ್ನು ಮತ್ತೆ ಮೇಜಿಗಿಟ್ಟು ಪೆಟ್ಲಿನ ಕಡ್ಡಿ ತಳ್ಳಿದ. ಟಪ್! ಕಾಯಿ ಕರಿಹಲಗೆಗೆ ಬಡಿಯಿತು.

"ಅಳತೆಯೆಲ್ಲ ಇವಂದೇ ಸಾರ್. ಸದ್ದು ಮಾತ್ರ ನಂದು."

ಟ್ಯಾಂಕು ಮೇಜಿನ ಮೇಲೆ ಉಳಿಯಿತು. ಮಗ್ಗಿ ಬಾರದ ನಾನು ಶಾಲೆಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಮೇಷ್ಟ್ರ ಮೇಲಿನ ಆ ಸಿಟ್ಟು ಇನ್ನೂ ಇದೆ. ಆದರೆ ನನ್ನ ಪರವಾಗಿ ಅಪ್ಪ ಹಾರಿಸಿದ ಆ ಒಂದು ಕಾಯಿ ಇವತ್ತಿಗೂ ಸಾಕು.