ನಾನು ಹತ್ತದ ವಿಮಾನ

ಇಂಥ ಸಂಗತಿಗಳನ್ನು ನಂಬುವವನಲ್ಲ ನಾನು. ಯಾರಾದರೂ ದೆವ್ವ ಕಂಡೆ, ಸತ್ತವರು ಕರೆದರು ಎಂದು ಶುರುಮಾಡಿದರೆ ನಡುವೆಯೇ ಬಾಯಿ ಹಾಕಿ, "ನೀವೇ ಕಂಡಿರೋ, ಕಂಡವರಿಂದ ಕೇಳಿದಿರೋ?" ಎಂದು ಪಾಟೀಸವಾಲು ಹಾಕುತ್ತಿದ್ದೆ. ಈ ಚಟದಿಂದ ಒಬ್ಬಿಬ್ಬರು ಗೆಳೆಯರನ್ನು ಕಳೆದುಕೊಂಡದ್ದೂ ಉಂಟು. ಈಗ ನಾನೇ ಇಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿ ಬರುತ್ತಿದೆ. ಓದಿದವರು ಯಾರಾದರೂ ಇದಕ್ಕೊಂದು ಸರಿಯಾದ ಕಾರಣ ಹೇಳಿದರೆ ಅವರ ಉಪಕಾರ ಮರೆಯುವುದಿಲ್ಲ.

ಆಗ ನಿಜಾಮರ ಆಳಿಕೆ. ನಾನು ಬೀದರದಲ್ಲಿ ರಸ್ತೆ, ಕಟ್ಟಡಗಳ ಕೆಲಸ ನೋಡುವ ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಜಿಲ್ಲೆಯಲ್ಲಿ ವಿಮಾನ ಇಳಿಯಲು ತಕ್ಕ ಬಯಲು ಎಲ್ಲೆಲ್ಲಿದೆ ನೋಡಿ ಬರೆಯಿರಿ ಎಂದು ಹೈದರಾಬಾದಿನಿಂದ ಹುಕುಂ ಬಂತು. ಭಾಲ್ಕಿ, ಔರಾದ ಕಡೆ ತಿರುಗಿ ಹೊಲದವರ ಜೊತೆ ಮಾತಾಡಿ ಬರುವ ಕೆಲಸ ನನ್ನ ಪಾಲಿಗೆ ಬಿತ್ತು. ಜನರಿಗಿರುವ ಹೆದರಿಕೆಯನ್ನೂ ಬಿಡಿಸಿ ಬಾ ಎಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದರು.

ಆ ಹೆದರಿಕೆ ಎಂಥದ್ದು ಎಂದು ಈಗಿನವರಿಗೆ ಹೇಳಿದರೆ ನಗುತ್ತಾರೆ. ಭಾಲ್ಕಿಯಲ್ಲಿ ಒಬ್ಬ ಅಂಗಡಿಕಾರ ವಿಮಾನದ ಸದ್ದಿಗೆ ಎಮ್ಮೆಗಳ ಹಾಲು ಬತ್ತುತ್ತದೆ ಎಂದ. ಇನ್ನೊಬ್ಬ, ಅಷ್ಟು ಮೇಲೆ ಹೋದವನ ಮೂಗಿನಿಂದ ರಕ್ತ ಬಂದು ಇಳಿಯುವಷ್ಟರಲ್ಲಿ ಹೆಣವಾಗುತ್ತಾನೆ ಎಂದ. ಔರಾದದಲ್ಲಂತೂ ಚಿಂತಾಕಿಯ ಹೊಲದಲ್ಲಿ ವಿಮಾನವೊಂದು ಬಿದ್ದು ಇಬ್ಬರು ಸುಟ್ಟುಹೋದರೆಂದು ಎಲ್ಲರೂ ಆಣೆ ಮಾಡಿ ಹೇಳಿದರು. ನಾನು ಹಟದಿಂದ ಬಂಡಿ ಕಟ್ಟಿಸಿಕೊಂಡು ಚಿಂತಾಕಿಗೇ ಹೋದೆ. ಅಲ್ಲಿಯ ಹಿರಿಯರು ನನ್ನನ್ನೇ ವಿಚಿತ್ರವಾಗಿ ನೋಡಿದರು.

"ನಮ್ಮ ಊರಾಗ ಅಲ್ರೀ, ಔರಾದ ಹತ್ರ ಬಿದ್ದದ ಅಂತ. ನೀವು ಅಲ್ಲಿಂದೇ ಬಂದ್ರಿ, ನೋಡಿಲ್ಲೇನ್ರಿ?"

ಎಂದೂ ಬೀಳದ ಆ ವಿಮಾನಕ್ಕಾಗಿ ಎರಡು ದಿನ ಮೈಕೈ ನೋಯಿಸಿಕೊಂಡೆ. ಆಮೇಲೆ ಚಾವಡಿಯಲ್ಲಿ ಕುಳಿತವರ ಮುಂದೆಲ್ಲ ಭಾಷಣ ಮಾಡತೊಡಗಿದೆ. ವಿಮಾನ ಗಟ್ಟಿ ಕಬ್ಬಿಣದ್ದು, ಬಂಡಿಗಿಂತ ಸುಖ, ಹೆದರುವವರು ಹೆಡ್ಡರು ಎನ್ನುತ್ತಿದ್ದೆ. ನಾನು ಹತ್ತಿರದಿಂದ ಒಂದು ವಿಮಾನವನ್ನೂ ಕಂಡಿರಲಿಲ್ಲ.

ಇಲ್ಲಿ ನನ್ನ ಅಣ್ಣನ ವಿಷಯ ಹೇಳಬೇಕು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ಹೈದರಾಬಾದಿನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದ. ಭಾಲ್ಕಿಯ ಒಬ್ಬಾಕೆಯನ್ನು ತಾನೇ ಮೆಚ್ಚಿ ಮದುವೆಯಾದ. ಆಕೆಯೂ ಲಿಂಗ ಕಟ್ಟಿದವಳೇ, ಆದರೆ ನಮ್ಮ ಒಳಪಂಗಡದವಳಲ್ಲ. ಬೆಳಗಾದರೆ ಬಸವಣ್ಣನ ವಚನ ಹೇಳುವ ನಮ್ಮ ಮನೆಯಲ್ಲಿ ಅವ್ವ ಅವರಿಗೆ ಬಾಗಿಲು ಹಾಕಿದಳು. ನಾನು ಅವ್ವನ ಪರವಾಗಿ ಅಣ್ಣನಿಗೆ ಕಾಗದ ಬರೆದೆ. ಅದರಲ್ಲಿ ಬರೆಯಬಾರದ ಮಾತುಗಳನ್ನೆಲ್ಲ ಬರೆದೆ. ಮೂರು ವರ್ಷ ನಮ್ಮ ನಡುವೆ ಮಾತಿರಲಿಲ್ಲ.

ಒಂದು ಸೋಮವಾರ ಹೈದರಾಬಾದಿನಿಂದ ದೊಡ್ಡ ಇಂಜಿನಿಯರ್ ಸಾಹೇಬರು ಸಣ್ಣ ವಿಮಾನವೊಂದರಲ್ಲಿ ಬೀದರಕ್ಕೆ ಬಂದಿಳಿದರು. ಕಮಠಾಣ ರಸ್ತೆಯ ಬಯಲಿನಲ್ಲಿ ಇಡೀ ಊರೇ ನೆರೆದಿತ್ತು. ಸಾಹೇಬರು ವಾರವೆಲ್ಲ ಇಲ್ಲೇ ಉಳಿಯುವವರು, ವಿಮಾನ ಮಾತ್ರ ಗುರುವಾರ ಮಧ್ಯಾಹ್ನ ಖಾಲಿ ವಾಪಸು ಹೋಗುವುದು ಎಂದು ಗೊತ್ತಾಯಿತು. ಬುಧವಾರ ಮಧ್ಯಾಹ್ನ ನನಗೆ ತಾರು ಬಂತು. ಅಣ್ಣ ದವಾಖಾನೆಯಲ್ಲಿದ್ದಾನೆ, ಶುಕ್ರವಾರ ಬೆಳಿಗ್ಗೆ ಹೊಟ್ಟೆ ಕೊಯ್ಯುತ್ತಾರೆ, ಅದಕ್ಕೆ ಮೊದಲು ನಿನ್ನನ್ನು ನೋಡಬೇಕೆನ್ನುತ್ತಾನೆ ಎಂದಿತ್ತು. ಕಳಿಸಿದವಳು ವೈನಿ, ಅಂದರೆ ಅಣ್ಣನ ಹೆಂಡತಿ.

ನಮ್ಮಲ್ಲಿ ಆಗ ದಿನಕ್ಕೊಂದೇ ರೈಲು, ನಸುಕಿನಲ್ಲಿ ಬಿಡುತ್ತಿತ್ತು. ಗುರುವಾರದ ರೈಲು ಹಿಡಿದಿದ್ದರೆ ಸಂಜೆಗೆ ಅಣ್ಣನ ಹತ್ತಿರ ಇರುತ್ತಿದ್ದೆ. ಆದರೆ ಕಚೇರಿಯಲ್ಲಿ ಎಲ್ಲರೂ ಕೇಳುವಂತೆ ಸಾಹೇಬರು, ವಿಮಾನದಲ್ಲಿ ಜಾಗವಿದೆ, ಮಧ್ಯಾಹ್ನ ಹೊರಟರೂ ರೈಲಿಗಿಂತ ಮೊದಲೇ ಮುಟ್ಟುತ್ತೀ, ಹೋಗುತ್ತೀಯಾ ಎಂದು ಕೇಳಿದರು. ಅಷ್ಟು ಭಾಷಣ ಬಿಗಿದವನು ಒಲ್ಲೆ ಎನ್ನುವುದು ಹೇಗೆ? ಎದೆಯುಬ್ಬಿಸಿ ಹೂಂ ಎಂದೆ.

ಅವ್ವ ಅತ್ತಳು, ಬೈದಳು, ರೈಲಿಗೇ ಹೋಗು ಎಂದು ಕೈಮುಗಿದಳು. ನಾನು ಜಗ್ಗಲಿಲ್ಲ. ಕೊನೆಗೆ ಅವಳು ಹಿಡಿದದ್ದು ಪಂಚಾಂಗವನ್ನು. ಗುರುವಾರ ದಕ್ಷಿಣಕ್ಕೆ ಹೊರಡಬಾರದು, ಹೊರಡಲೇಬೇಕಾದರೆ ಇವತ್ತೇ ಪ್ರಸ್ಥಾನ ಇಡಬೇಕು ಎಂದಳು. ಕಂಡಿಲ್ಲದವರಿಗೆ ಹೇಳುತ್ತೇನೆ: ಹೊರಡುವ ದಿನ ಸರಿಯಿಲ್ಲದಿದ್ದರೆ, ಸರಿಯಿರುವ ಮುನ್ನಾದಿನವೇ ಹೋಗುವವನ ಬಟ್ಟೆಯೊಂದನ್ನು ಗಂಟು ಕಟ್ಟಿ ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಇಡುತ್ತಾರೆ. ಅಲ್ಲಿಗೆ ಅವನು ಹೊರಟಂತೆಯೇ ಲೆಕ್ಕ. ಮರುದಿನ ಹೋಗುವಾಗ ಆ ಗಂಟನ್ನು ಎತ್ತಿಕೊಂಡು ಹೋದರಾಯಿತು.

ಅವ್ವ ನನ್ನ ಹೆಗಲ ಮೇಲಿನ ಕೆಂಪಂಚಿನ ವಸ್ತ್ರದಲ್ಲಿ ಹಿಡಿ ಜೋಳ, ಒಂದು ಅಡಿಕೆ, ಅರಿಶಿನದ ಕೊಂಬು ಇಟ್ಟು ಗಂಟು ಬಿಗಿದಳು. ಅವಳು ಎಡಗೈಯವಳು. ಅವಳು ಹಾಕಿದ ಗಂಟು ಬೇರೆಯವರ ಕೈಗೆ ಸುಲಭಕ್ಕೆ ಬಿಚ್ಚುತ್ತಿರಲಿಲ್ಲ. ಅದನ್ನು ಹೊತ್ತು ಮುಳುಗುವ ಮೊದಲು ಕಮಠಾಣ ರಸ್ತೆಯಲ್ಲಿದ್ದ ತನ್ನ ತಂಗಿಯ, ಅಂದರೆ ನಮ್ಮ ಚಿಗವ್ವನ, ಮನೆಯಲ್ಲಿಟ್ಟು ಬಂದಳು.

"ಈಗ ನೀ ಹೋದಂಗೇ ನೋಡಪ್ಪಾ," ಎಂದಳು.

"ಹೋದವನಿಗೆ ರೊಟ್ಟಿ ಯಾಕ ಬಡೀತಿ ಮತ್ತ?" ಎಂದು ಚೇಷ್ಟೆ ಮಾಡಿದೆ.

ಗುರುವಾರ ನಸುಕಿನ ರೈಲು ಕೂಗಿದ್ದನ್ನು ಹಾಸಿಗೆಯಲ್ಲೇ ಕೇಳಿದೆ. ಮಧ್ಯಾಹ್ನ ಸಾಹೇಬರ ಮೋಟಾರಿನಲ್ಲಿ ಬಯಲಿಗೆ ಹೋದೆ. ಚಿಗವ್ವನ ಮನೆಯ ಮುಂದೆಯೇ ಹೋದರೂ, ಸಾಹೇಬರ ಮೋಟಾರು ನಿಲ್ಲಿಸಿ ಜೋಳದ ಗಂಟು ತರುವುದಕ್ಕೆ ಸಂಕೋಚವಾಗಿ ಸುಮ್ಮನಾದೆ. ವಿಮಾನ ನಡೆಸುವವನು ಒಬ್ಬ ಪಾರ್ಸಿ ತರುಣ. ನನ್ನ ತಲೆಗೆ ತೊಗಲಿನ ಟೊಪ್ಪಿಗೆ ಹಾಕಲು ಕೊಟ್ಟು, ರೆಕ್ಕೆಯ ಮೇಲೆ ಎಲ್ಲಿ ಕಾಲಿಡಬೇಕೆಂದು ತೋರಿಸಿದ. ರೆಕ್ಕೆಗೆ ಕೈ ಊರಿದೆ. ಅದು ಕಬ್ಬಿಣವಲ್ಲ, ಬಟ್ಟೆ. ಬಣ್ಣ ಬಳಿದು ಬಿಗಿದ ಬಟ್ಟೆ. ಒಂದು ಕಡೆ ಹರಿದಲ್ಲಿ ತೇಪೆಯನ್ನೂ ಹಾಕಿದ್ದರು.

ಊರಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಸುತ್ತ ಊರಿನ ಜನ, ಕಚೇರಿಯವರು. ಆಗ ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? ಒಂದು ಗಂಟು ಮರೆತಿದ್ದೇನೆ, ಇಲ್ಲೇ ನಮ್ಮ ಚಿಗವ್ವನ ಮನೆಯಲ್ಲಿದೆ, ಈಗ ತಂದೆ ಎಂದೆ. ಅವನು ಗಡಿಯಾರ ನೋಡಿ ಬೇಗ ಬಾ ಎಂದ. ನಾನು ಟೊಪ್ಪಿಗೆಯನ್ನು ಕೆಳಗಿಟ್ಟು ಚಿಗವ್ವನ ಮನೆಯ ಕಡೆ ಹೊರಟವನಂತೆ ಹೊರಟು, ಜನರ ಕಣ್ಣು ತಪ್ಪಿದೊಡನೆ ಹೊಲಕ್ಕಿಳಿದು, ಒಂದು ಬಾವಿಯ ಕಟ್ಟೆಯ ಮರೆಯಲ್ಲಿ ಕುಳಿತುಬಿಟ್ಟೆ. ಅಣ್ಣ ಕಾಯುತ್ತಿದ್ದಾನೆ ಎಂದು ನೂರು ಸಲ ಅಂದುಕೊಂಡೆ. ಕಾಲು ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ವಿಮಾನ ಗುಡುಗುತ್ತ ನನ್ನ ತಲೆಯ ಮೇಲೆಯೇ ಹಾರಿಹೋಯಿತು. ಬಾವಿಯಿಂದ ನೀರೆತ್ತುತ್ತಿದ್ದ ರೈತನೊಬ್ಬ ಎತ್ತುಗಳನ್ನು ನಿಲ್ಲಿಸಿ, ನನ್ನ ಮುಖ ನೋಡಿ, ಬೊಗಸೆಗೆ ನೀರು ಹಾಕಿದ. ಅಲ್ಲಿ ಸಂಜೆಯವರೆಗೂ ಕುಳಿತಿದ್ದೆ. ಕಣ್ಣು ಹತ್ತಲಿಲ್ಲ, ಎಚ್ಚರ ತಪ್ಪಲಿಲ್ಲ. ಆ ಬಾವಿಯ ಕಟ್ಟೆಯ ಯಾವ ಕಲ್ಲು ಸಡಿಲಿತ್ತು ಎಂಬುದೂ ನನಗೆ ನೆನಪಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದಕ್ಕೆ ಇದೇ ಅಡ್ಡ ಬರುವುದು.

ಮಬ್ಬುಗತ್ತಲಾದ ಮೇಲೆ ಚಿಗವ್ವನ ಮನೆಗೆ ಹೋಗಿ ಗಂಟು ಕೊಡು ಎಂದೆ.

"ಮಧ್ಯಾಹ್ನನೇ ಒಯ್ದೆಲ್ಲೋ! ಬಾಗಿಲದಾಗ ನಿಂತು ಕೈ ಚಾಚಿದಿ. ನೀರರ ಕುಡಿಯೋ ಅಂದ್ರ, ಟೈಮಿಲ್ಲ ಚಿಗವ್ವಾ, ಅಣ್ಣ ಹಾದಿ ನೋಡ್ತಾನ ಅಂದಿ."

ಅವಳ ಕಣ್ಣಿಗೆ ಪೊರೆ ಬಂದಿತ್ತು. ಯಾರೋ ಕಳ್ಳನಿಗೆ ಎತ್ತಿ ಕೊಟ್ಟಿದ್ದೀ ಎಂದು ನಾನು ಕೂಗಾಡಿದೆ. ನನ್ನ ಮೇಲಿನ ಸಿಟ್ಟನ್ನೆಲ್ಲ ಆ ಮುದುಕಿಯ ಮೇಲೆ ತೀರಿಸಿಕೊಂಡೆ. ಹಿತ್ತಲ ಬಾಗಿಲಿನಿಂದ ಮನೆಗೆ ಹೋದೆ. ಅವ್ವ ತಾಟಿಗೆ ರೊಟ್ಟಿ ಹಾಕಿ, ನಾಳೆ ರೈಲಿಗೆ ಹೋಗು ಎಂದಷ್ಟೇ ಹೇಳಿದಳು.

ಶುಕ್ರವಾರ ಸಂಜೆ ನಾನು ದವಾಖಾನೆ ಮುಟ್ಟಿದಾಗ ಅಣ್ಣ ಇರಲಿಲ್ಲ. ಬೆಳಿಗ್ಗೆ ಹೊಟ್ಟೆ ಕೊಯ್ದವರು ಅವನನ್ನು ಉಳಿಸಿಕೊಳ್ಳಲಾಗಲಿಲ್ಲ. ಅವನ ಮಂಚಕ್ಕೆ ಆಗಲೇ ಹೊಸ ಚಾದರ ಹಾಕಿದ್ದರು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡ ಹಿರಿಯರೊಬ್ಬರು ನನ್ನನ್ನು ನೋಡಿದ್ದೇ ಕೈ ಸನ್ನೆ ಮಾಡಿ ಕರೆದರು.

"ಅಳಬ್ಯಾಡ್ರಿ ಸಾಬ್ರ. ನಿನ್ನಿ ನೀವು ಬಂದು ಹೋದ ಮ್ಯಾಗ ಭಾಳ ಸಮಾಧಾನದಾಗಿದ್ರು. ಖುಷಿಲೇ ಹೋದ್ರು."

ನಿನ್ನೆ ನಾನು ಬಂದಿಲ್ಲ ಎಂದೆ. ಅವರು ನನ್ನ ಬುದ್ಧಿಗೆ ದುಃಖದಿಂದ ಏನೋ ಆಗಿದೆ ಎನ್ನುವಂತೆ ನೋಡಿದರು.

"ಹ್ಯಾಂಗ ಬಂದಿಲ್ರಿ? ಮೂರು ಹೊಡದಿತ್ತು. ಈ ಸ್ಟೂಲ್ ಮ್ಯಾಗೇ ಕುಂತಿದ್ರಿ. ಅವ್ರು ನಿಮ್ಮ ಕುತ್ತಿಗಿ ಬಗ್ಗಿಸಿ ಕಿವ್ಯಾಗ ಏನೋ ಕೇಳಿದ್ರು. ನೀವು ಹೂಂ ಅಂದ್ರಿ. ಮತ್ತ ಕೇಳಿದ್ರು. ಮತ್ತ ಹೂಂ ಅಂದ್ರಿ. ಅಷ್ಟೇ ನೋಡ್ರಿ, ನಿದ್ದಿ ಹತ್ತಿತು ಅವ್ರಿಗಿ."

ಏನು ಕೇಳಿದ ಎಂದೆ. ಕಿವಿಯಲ್ಲಿ ಕೇಳಿದ್ದು ತನಗೆ ಹೇಗೆ ಗೊತ್ತಾಗಬೇಕು ಎಂದರು. ಅವರ ಊರು ಯಾವುದು ಎಂದು ವಿಚಾರಿಸಿದೆ. ಚಿಂತಾಕಿ ಎಂದರು. ಆ ಊರಿನವರು ಕಾಣದ್ದನ್ನು ಕಂಡೆವೆನ್ನುವವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ವೈನಿ ಹೊರಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ನಿನ್ನೆ ನೀವು ಬಂದಾಗ ನಾನು ಗಂಜಿ ತರಲು ಮನೆಗೆ ಹೋಗಿದ್ದೆ ಎಂದಳು. ರಾತ್ರಿ ಎಲ್ಲಿ ಉಳಿದಿರಿ, ನಮ್ಮ ಮನೆಗೆ ಯಾಕೆ ಬರಲಿಲ್ಲ ಎಂದು ಕೇಳಿದಳು. ಅದರಲ್ಲಿ ದೂರು ಇರಲಿಲ್ಲ, ನೋವಿತ್ತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈಗೆ ಒಂದು ಗಂಟು ಕೊಟ್ಟಳು. ಸ್ಟೂಲಿನ ಮೇಲೆ ಬಿಟ್ಟುಹೋಗಿದ್ದಿರಿ ಎಂದಳು. ನನ್ನದೇ ಕೆಂಪಂಚಿನ ವಸ್ತ್ರ. ಅವ್ವನ ಎಡಗೈಯ ಗಂಟು. ಯಾರೂ ಬಿಚ್ಚಿರಲಿಲ್ಲ. ನಾನು ಅಲ್ಲೇ ಕುಳಿತು ಹಲ್ಲಿನಿಂದ ಬಿಚ್ಚಿದೆ. ಜೋಳ, ಅಡಿಕೆ, ಅರಿಶಿನದ ಕೊಂಬು ಮೂರೂ ಇದ್ದವು.

ಅಣ್ಣನನ್ನು ಮಣ್ಣು ಮಾಡಿ, ವೈನಿಯನ್ನೂ ಮಗುವನ್ನೂ ಕರೆದುಕೊಂಡು ಬೀದರಕ್ಕೆ ಬಂದೆ. ಅವನು ಕೇಳಿದ್ದು ಇದನ್ನೇ ಇರಬೇಕು ಎಂದು ನನ್ನ ಊಹೆ. ಅವ್ವ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ನಾನು ಅವಳೊಬ್ಬಳನ್ನೇ ಒಳಗೆ ಕರೆದು, ಗಂಟಿನ ವಸ್ತ್ರ ತೋರಿಸಿ ನಡೆದದ್ದನ್ನು ಹೇಳಿದೆ. ಅವಳು ಹೊರಗೆ ಬಂದು ಮಗುವನ್ನು ಎತ್ತಿಕೊಂಡು, "ನಾ ಪ್ರಸ್ಥಾನ ಇಟ್ಟಿದ್ದೆ, ನೀ ಹೋಗಿದ್ದಿ. ಮಾತು ಕೊಟ್ಟ ಮ್ಯಾಗ ಮುಗೀತು," ಎಂದಳು. ಅವಳಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ.

ಊರಿನಲ್ಲಿ ಇನ್ನೊಂದು ಪೀಡೆ ಕಾದಿತ್ತು. ನಾನು ಗಂಟು ಹಿಡಿದು ಓಡುತ್ತ ಬಂದು ವಿಮಾನ ಹತ್ತಿದ್ದನ್ನು ಎಲ್ಲರೂ ಕಂಡಿದ್ದರು! ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡ ಬೇರೆ ಯಾವನೋ ಇರಬೇಕು ಎಂದು ಕಚೇರಿಯವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿದೆ. ಟೊಪ್ಪಿಗೆ ಹಾಕಿಕೊಳ್ಳುವ ಮೊದಲು ನನ್ನ ಜೊತೆ ಮಾತಾಡಿದವರೇ ಮೂವರಿದ್ದರು. ಪಾರ್ಸಿ ತರುಣ ಮುಂದಿನ ಸಲ ಬಂದಾಗ, ದಾರಿಯುದ್ದಕ್ಕೂ ಅಷ್ಟು ಗಟ್ಟಿಯಾಗಿ ಕುಳಿತವರನ್ನು ತಾನು ನೋಡಿಯೇ ಇಲ್ಲ ಎಂದು ನನ್ನ ಬೆನ್ನು ತಟ್ಟಿದ. ಬಾವಿಯ ರೈತನನ್ನು ಹುಡುಕಿಕೊಂಡು ಹೋದೆ. "ನೀವು ಹೊತ್ತು ಮುಳುಗೋ ತನಾ ಇಲ್ಲೇ ಕುಂತಿದ್ರಲ್ರೀ, ನಾನೇ ನೀರು ಹಾಕೀನಿ," ಎಂದ. ಇಬ್ಬರಲ್ಲಿ ಯಾರನ್ನು ಸುಳ್ಳನೆನ್ನಲಿ? ಆಮೇಲೆ ಬೀದರದಲ್ಲಿ ಯಾರಾದರೂ ವಿಮಾನಕ್ಕೆ ಹೆದರಿದರೆ ನನ್ನ ಹೆಸರು ಹೇಳಿ ಧೈರ್ಯ ತುಂಬುತ್ತಿದ್ದರು. ನಾನು ಇವತ್ತಿನವರೆಗೂ ವಿಮಾನ ಹತ್ತಿಲ್ಲ.

ಹೆದರಿ ಕುಳಿತವನು ನಾನು, ಹೋದವನು ಯಾರು? ಅಣ್ಣನ ಕೊನೆಯ ಮಾತನ್ನು ಕೇಳಿಸಿಕೊಂಡವನು ಅವನು. ಅದನ್ನು ನನಗೆ ಹೇಳದೆ ಗಂಟನ್ನಷ್ಟೇ ಬಿಟ್ಟುಹೋದ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಿದೆ ಎಂದರೆ ನಗಬೇಡಿ.

ವೈನಿಗೆ ನಾನು ನಿಜ ಹೇಳಲಿಲ್ಲ, ಅವ್ವನೂ ಹೇಳಲಿಲ್ಲ. ಮಗಳನ್ನು ಸಾಲೆಗೆ ಹಾಕಿದ ದಿನ ವೈನಿ ನನ್ನ ಹತ್ತಿರ ಬಂದು ಮೆಲ್ಲಗೆ, "ಅವತ್ತು ಇದನ್ನೇ ಕೇಳಿದ್ರೇನ್ರಿ ಅವ್ರು?" ಎಂದಳು. ಆ ಹುಡುಗಿಯ ಮದುವೆಯ ದಿನವೂ ಅದನ್ನೇ ಕೇಳಿದಳು. ಹೋದ ತಿಂಗಳು ಹಾಸಿಗೆ ಹಿಡಿದ ಮೇಲೆ ನನ್ನನ್ನು ಕರೆಸಿ, ಗಂಡನ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕು, ಅವತ್ತು ಅವರು ಕೇಳಿದ್ದು ಇದನ್ನೇ ಅಲ್ಲವೇ ಎಂದು ಕೇಳಿದಳು.

ನಾನು ಸ್ಟೂಲಿನ ಮೇಲೆ ಕುಳಿತು ಕುತ್ತಿಗೆ ಬಗ್ಗಿಸಿ, ಹಿಂದೆ ಎರಡು ಸಲ ಹೇಳಿದಂತೆಯೇ, ಹೂಂ ಎಂದೆ.