ನಿಮಿಷ ತೋರಿಸದ ಯಂತ್ರ

ಮೊನ್ನೆ ಹೊಸ ಮೊಬೈಲಿನ ಸೆಟ್ಟಿಂಗ್ಸ್ ಕೆದಕುತ್ತಿದ್ದಾಗ ‘ಅಪ್‌ಟೈಮ್’ ಎಂಬ ಸಾಲು ಕಣ್ಣಿಗೆ ಬಿತ್ತು. ಫೋನು ಆನ್ ಆಗಿ ಎಷ್ಟು ಹೊತ್ತಾಯಿತೆಂಬ ಲೆಕ್ಕ, ಸೆಕೆಂಡುಗಳೂ ಓಡುತ್ತಿದ್ದವು. ನಗಬೇಡಿ, ಫೋನನ್ನು ಮಗುಚಿ ಇಟ್ಟುಬಿಟ್ಟೆ.

ಆರು ವರ್ಷದ ಹಿಂದೆ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ಯಂತ್ರ ಆನ್ ಆಗಿ ಎಷ್ಟು ಗಂಟೆಯಾಯಿತೆಂದು ತೋರಿಸುವ ಪುಟ್ಟ ಚೌಕವೊಂದು ಪರದೆಯ ಮೂಲೆಯಲ್ಲಿತ್ತು. ಅದಕ್ಕೆ ಗಂಟೆ ಮಾತ್ರ ಗೊತ್ತು. ಒಂದು ಗಂಟೆ ಐವತ್ತೊಂಬತ್ತು ನಿಮಿಷವಾದರೂ ಒಂದೇ ಗಂಟೆ. ವಯಸ್ಸು ಹೇಳುವಾಗ ನಾನೂ ಹಾಗೇ ಮಾಡುವವನಾದ್ದರಿಂದ ಅದರ ಮೇಲೆ ನನಗೆ ಸಲುಗೆ.

ಒಂದು ಬೆಳಿಗ್ಗೆ, ಒಂಬತ್ತು ಹತ್ತಕ್ಕೆ, ತೂಕದ ಯಂತ್ರದ ಚಾರ್ಜರ್ ಎಂದುಕೊಂಡು ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತೆ. ತಕ್ಷಣ ಸಿಕ್ಕಿಸಿ ಆನ್ ಮಾಡಿದೆ. ಯಾರೂ ನೋಡಲಿಲ್ಲ. ಅಷ್ಟು ಹೊತ್ತೂ ಟೈಪು ಮಾಡಿದ್ದ ಕೊಬ್ಬರಿ ಚೀಲಗಳ ತೂಕವನ್ನು ಸೇವ್ ಮಾಡಿದ್ದೆನೇ ಎಂದು ನೋಡಲು ಧೈರ್ಯ ಬರಲಿಲ್ಲ. ಹತ್ತಕ್ಕೆ ಎಲೆಕ್ಟ್ರಿಷಿಯನ್ ಇಲಿಯಾಸ್ ಬಂದು ಫ್ಯಾನು ರಿಪೇರಿಗೆ ಏಣಿ ಹತ್ತಿದ. ಹನ್ನೊಂದಕ್ಕೆ ಯಜಮಾನರು ಬಂದು ನೋಡಿದರೆ ಕಂಪ್ಯೂಟರಿನಲ್ಲಿ ಬೆಳಗಿನ ಲಾಟುಗಳ ತೂಕ ಒಂದೂ ಇಲ್ಲ. ದಂಡಿನಶಿವರದಿಂದ ಚೀಲ ತಂದವರು ಕೂಗಾಡತೊಡಗಿದರು.

ಯಜಮಾನರ ಕಣ್ಣು ಆ ಚೌಕದ ಮೇಲೆ ಬಿತ್ತು. “ಒಂದು ಗಂಟೆ ಅಂತ ತೋರುಸ್ತೈತೆ. ಅಂದ್ರೆ ಹತ್ತಕ್ಕೆ ಆಫ್ ಆಗೈತೆ. ಹತ್ತಕ್ಕೆ ವೈರ್ ಮುಟ್ಟಿದ್ಯಾರು?”

“ಫ್ಯಾನ್ ಬುಟ್ರೆ ನಾನೇನೂ ಮುಟ್ಟಿಲ್ಲ ಕಣ್ರೀ,” ಎಂದ ಇಲಿಯಾಸ್ ನನ್ನ ಕಡೆ ತಿರುಗಿದ. “ಅಣ್ಣ, ನೀವಾದ್ರೂ ಹೇಳಿ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಐದು. ಇನ್ನೈದು ನಿಮಿಷಕ್ಕೆ ಆ ಒಂದು ಎರಡಾಗುತ್ತದೆ. ಎರಡಾದರೆ ಆಫ್ ಆದದ್ದು ಒಂಬತ್ತಕ್ಕೆ ಎಂದಾಗುತ್ತದೆ, ಆ ಹೊತ್ತಿಗೆ ಇಲ್ಲಿದ್ದವನು ನಾನೊಬ್ಬನೇ. ಕೆಲಸ ಹೋಗುತ್ತದೆ ಎಂಬುದೊಂದೇ ಯೋಚನೆ.

“ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀನಿ ಯಜಮಾನ್ರೇ, ವಾಪಸ್ ಬಂದ್ರೂ ಬರಬಹುದು,” ಎಂದು ಬಟನ್ ಒತ್ತಿದೆ. ತೂಕ ವಾಪಸ್ ಬರಲಿಲ್ಲ. ಚೌಕದಲ್ಲಿ ಸೊನ್ನೆ ಬಂತು.

“ನಾಳೆಯಿಂದ ಈ ಕಡೆ ಬರಬ್ಯಾಡ ಕಣಪ್ಪ,” ಎಂದು ಯಜಮಾನರು ಇಲಿಯಾಸ್‌ಗೆ ಹೇಳಿದರು. ಅವನು ಏಣಿ ಮಡಚಿಕೊಂಡು ಹೋದ.

ಇವತ್ತು ಅವನ ಅಂಗಡಿಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಹೊಡೆದಾನೆಂಬ ಭಯಕ್ಕೆ ಬಾಗಿಲ ಹತ್ತಿರವೇ ನಿಂತಿದ್ದೆ. ಅವನು ಕೈಯಲ್ಲಿದ್ದ ಮಿಕ್ಸಿ ಮೋಟಾರು ಕೆಳಗಿಟ್ಟ.

“ಅಂಗಾರೆ ನಾನು ಮಾಡಿದ್ದಲ್ವಾ ಅದು? ಗೊತ್ತಿಲ್ದಂಗೆ ಯಾವ್ದೋ ವೈರ್ ಎಳೆದಿದ್ನೇನೋ ಅಂತ ಅವತ್ತಿಂದ ಹೆದ್ರಿಕೆ ಅಣ್ಣ. ಯಾರ ಮನೆಗೋದ್ರೂ ಒಂದೊಂದು ಸ್ಕ್ರೂನೂ ಮೂರ್ಮೂರು ಸಲ ನೋಡ್ತೀನಿ.”

“ನೀನಲ್ಲ ಇಲಿಯಾಸ್. ನಾನು.”

“ನಿಜ್ವಾಗ್ಲೂ?”

ನಿಜ ಎಂದೆ. ಅವನು ಇನ್ನೊಂದು ಸಲ ಕೇಳಿದ.